ದೇವರ ಖೋಲಿಗೆ ಬಂದ ಸರ್ವರ್

ಜನವರಿ 6, ಸೋಮವಾರ

ಎಮ್ಮೆ ಹಿಂಡಿದೆ. ಪೂಜೆ ಮುಗಿಸಿದೆ. ಡೇರಿಗೆ ಹಾಲು ಹಾಕಿ ಬರುವಷ್ಟರಲ್ಲಿ ಶೈಲಾ ಹುಬ್ಬಳ್ಳಿ ಬಸ್ಸು ಹತ್ತಿದ್ದಳು. ಇಂಟರ್‌ವ್ಯೂ. ಸೊಸೆಯಾಗಿ ಬಂದ ಮೇಲೆ ಮೊದಲನೆಯದು.

ಸಂಜೆ ಬಂದಳು. ಚಹಾ ಕೊಟ್ಟೆ. ಕುಡಿಯಲಿಲ್ಲ.

"ಏನಂದ್ರಬೇ?"

"ಓದಿದ್ದೆಲ್ಲಾ ಹೇಳಿದೆ ಅತ್ತೀ. ಕೈಯಾರೆ ಮಾಡೀಯೇನು ಅಂತ ಕೇಳಿದ್ರು. ಇಲ್ಲ ಅಂದೆ."

ಸರ್ವರ್ ಎಂಬ ಮಶೀನು ನೋಡಿಕೊಳ್ಳುವ ಕೆಲಸವಂತೆ. ಕಾಲೇಜಿನಲ್ಲಿ ಚಿತ್ರ ತೋರಿಸಿದ್ದರು, ಮುಟ್ಟಿಸಿರಲಿಲ್ಲ. ಆ ಆಫೀಸಿನ ರಾಜೇಶ್ವರಿ ಮೇಡಂ ಒಳ್ಳೆಯವರು. ತಿಂಗಳು ಬಿಟ್ಟು ಇನ್ನೊಮ್ಮೆ ನೋಡುತ್ತೇನೆ ಎಂದಿದ್ದಾರೆ.

ಚಿತ್ರ ನೋಡಿ ಯಾವಳು ರೊಟ್ಟಿ ಬಡಿಯುವುದು ಕಲಿತಿದ್ದಾಳೆ? ಹಿಟ್ಟು ಕೊಡದೆ ರೊಟ್ಟಿ ಕೇಳಿದರೆ ಹೇಗೆ.

ಜನವರಿ 9, ಗುರುವಾರ

ದೊಡ್ಡ ಆಫೀಸಿನವರು ಹೊಸ ಸರ್ವರ್ ತಂದಾಗ ಹಳೆಯದನ್ನು ಮಾರಿಬಿಡುತ್ತಾರಂತೆ. ಹುಬ್ಬಳ್ಳಿಯಲ್ಲಿ ಯುನೂಸ್ ಎಂಬವನ ಗೋಡೌನಿನಲ್ಲಿ ಇವೆ ಎಂದು ಮಗ ಪ್ರಭು ವಿಚಾರಿಸಿಕೊಂಡು ಬಂದ. ಬಸ್ ಕಂಡಕ್ಟರ್, ಅವನಿಗೆ ಊರೆಲ್ಲ ಗೊತ್ತು.

ಶೈಲಾ ತಿಳಿಸಿ ಹೇಳಿದಳು. ಒಂದೇ ಪೆಟ್ಟಿಗೆಯೊಳಗೆ ಐದಾರು ಕಂಪ್ಯೂಟರ್ ಇದ್ದ ಹಾಗೆ ಮಾಡಬಹುದಂತೆ. ಒಂದು ಮನೆಯಲ್ಲಿ ಅಣ್ಣತಮ್ಮಂದಿರು ಬೇರೆ ಬೇರೆ ಒಲೆ ಹೂಡಿದಂತೆ. ಒಬ್ಬರ ಒಲೆ ಆರಿದರೆ ಇನ್ನೊಬ್ಬರ ರೊಟ್ಟಿ ಕೆಡುವುದಿಲ್ಲ. ತಿಳಿಯಿತು.

ಯಜಮಾನರಿಗೆ ಹೇಳಿದೆ.

"ಮಂದಿ ಬಿಟ್ಟ ಮೋಡ್ಕಾ ಸಾಮಾನು ಮನಿಗೆ ತರ್ತೀಯೇನ? ಕರೆಂಟ್ ಬ್ಯಾರೆ ತಿಂತೈತಿ."

"ನಿಮ್ಮ ಟ್ರ್ಯಾಕ್ಟರ್ ಯಾರ ಬಿಟ್ಟಿದ್ದು? ಹೊಸಾದಾ?"

ಟವೆಲ್ ಹೆಗಲಿಗೆ ಹಾಕಿಕೊಂಡು ಹೊಲಕ್ಕೆ ಹೋದರು. ಬೇಡ ಎನ್ನಲಿಲ್ಲ. ಹೈನದ ದುಡ್ಡು ನನ್ನದು. ತರುವುದೇ.

ಜನವರಿ 15, ಬುಧವಾರ

ಹುಬ್ಬಳ್ಳಿಗೆ ಹೋಗಿದ್ದೆವು, ನಾನೂ ಶೈಲಾಳೂ. ಗೋಡೌನ್ ತುಂಬ ಕಬ್ಬಿಣದ ಪೆಟ್ಟಿಗೆಗಳು, ಒಂದರ ಮೇಲೊಂದು. ತೊಟ್ಟಿಲಷ್ಟು ಉದ್ದ, ಗೇಣು ಎತ್ತರವೂ ಇಲ್ಲ. ಶೈಲಾ ಒಂದರ ಮುಚ್ಚಳ ತೆಗೆಸಿ ಒಳಗೆ ಬಗ್ಗಿದಳು. ಮುಖ ನೋಡಿದೆ — ಮದುವೆಯಲ್ಲೂ ಅಷ್ಟು ಬೆಳಗಿರಲಿಲ್ಲ.

ಹಚ್ಚಿ ತೋರಿಸು ಎಂದೆ. ಹಿಂಡಿ ನೋಡದೆ ಎಮ್ಮೆ ಕೊಂಡವಳಲ್ಲ ನಾನು.

ಯುನೂಸ್ ನಕ್ಕ. "ಅವ್ವಾರ, ಇದಕ್ಕೇನ ಹಲ್ಲು ನೋಡ್ತೀರೇನ್ರಿ?"

"ಹಲ್ಲ ಬ್ಯಾಡ. ಉಸಿರ ನೋಡ್ತೀನಿ. ಹಚ್ಚೋ."

ಹಚ್ಚಿದ. ಶಿವನೇ! ಹಿಟ್ಟಿನ ಗಿರಣಿ, ಬಿರುಗಾಳಿ ಎರಡೂ ಸೇರಿದಂತೆ. ಎರಡು ಹೆಜ್ಜೆ ಹಿಂದೆ ಸರಿದೆ.

"ಉಸಿರು ಸಾಕಾತೇನ್ರಿ?" ಅಂದ. ಚೇಷ್ಟೆಯ ಮನುಷ್ಯ. ಆದರೆ ಹಾಳಾದ ಒಂದು ಡಿಸ್ಕ್ ತಾನಾಗಿಯೇ ಬದಲಿಸಿ ಕೊಟ್ಟ. ಕೆಟ್ಟರೆ ತಿರುಗಿ ತರ್ರಿ ಎಂದ.

ಕೌದಿಯಲ್ಲಿ ಸುತ್ತಿ ಪ್ರಭುವಿನ ಬಸ್ಸಿಗೇ ಏರಿಸಿದೆವು. ಕುಂದಗೋಳದ ಕಡೆಯ ಬಸ್ಸು. ಒಬ್ಬ ಹಿರಿಯರು ಕೌದಿ ಮುಟ್ಟಿ ಕೇಳಿದರು, "ಹಾರ್ಮೋನಿಯಂ ಏನವ್ವಾ? ಯಾರು ಹಾಡವ್ರು?" ಶೈಲಾಳ ಕಡೆ ಕೈ ತೋರಿಸಿದೆ. ದೇವರು ಒಳ್ಳೇದು ಮಾಡಲಿ ಮಗಳ ಎಂದರು. ಆಶೀರ್ವಾದ ತಪ್ಪು ವಿಳಾಸಕ್ಕೆ ಬಂದರೂ ಆಶೀರ್ವಾದವೇ.

ಜನವರಿ 16, ಗುರುವಾರ

ಪಡಸಾಲೆಯಲ್ಲಿ ಇಟ್ಟು ಹಚ್ಚಿದಳು. ಬಾಜೂಕ್ಕೇ ಎಮ್ಮೆ. ಸಂಜೆ ಹಾಲು ಇಳಿಸಲಿಲ್ಲ. ಹಗ್ಗ ಜಗ್ಗಿತು, ಬುಟ್ಟಿ ಒದೆಯಿತು. ಯಜಮಾನರು ಖಾಲಿ ಚರಿಗೆ ತಂದು ನನ್ನ ಮುಂದೆ ಇಟ್ಟರು. ಅಷ್ಟೇ.

ಜನವರಿ 17, ಶುಕ್ರವಾರ, ಬೆಳಿಗ್ಗೆ

ಎಮ್ಮೆ ಇವತ್ತೂ ಹಾಲು ಕೊಟ್ಟಿಲ್ಲ. ಶೈಲಾ ಮಶೀನು ಆರಿಸಿ ಕೂತಿದ್ದಾಳೆ. "ತಿರುಗಿ ಕೊಟ್ಟ ಬರೂಣ್ರಿ ಅತ್ತೀ" ಅಂದಳು.

ಮನೆಯೆಲ್ಲ ತಿರುಗಿದೆ. ಅಡುಗೆ ಮನೆ — ಒಲೆ, ನೀರು. ಅಟ್ಟ — ಬಿಸಿಲು. ಉಳಿದದ್ದು ದೇವರ ಕೋಣೆ. ದಪ್ಪ ಮಣ್ಣಿನ ಗೋಡೆ, ತಂಪು, ಬಾಗಿಲು ಹಾಕಿದರೆ ಸಪ್ಪಳ ಹೊರಗೆ ಬರುವುದಿಲ್ಲ. ಮದುವೆಯಾಗಿ ಬಂದಾಗಿನಿಂದ ನಾನು ಪೂಜೆಗೆ ಕೂತ ಜಾಗ.

ಸಂಜೆ

ಇಟ್ಟಾಯಿತು. ದೇವರ ಜಗಲಿಯ ಕೆಳಗೆ, ಹಲಗೆಯ ಮೇಲೆ.

ಯಜಮಾನರು ಬಾಗಿಲಲ್ಲಿ ನಿಂತರು. "ದೇವ್ರ ಖೋಲ್ಯಾಗ ಮಶೀನಾ? ನೀ ಎಲ್ಲೆ ಕುಂಡ್ರಾಕಿ?"

"ನನ್ನ ಲಿಂಗ ಕೊರಳಾಗ ಐತ್ರಿ. ಅಂಗೈ ಎಲ್ಲಿರತೈತೋ ಅಲ್ಲೇ ದೇವ್ರ ಖೋಲಿ. ಮಶೀನಿಗೆ ಹಂಗ ಬರೂದಿಲ್ಲ."

ನನಗೂ ಅದು ಬಾಯಿಂದ ಬಂದ ಮೇಲೆಯೇ ಗೊತ್ತಾದದ್ದು. ಹಿತ್ತಲ ಕಟ್ಟೆಯ ಮೇಲೆ ಕೂತು ಪೂಜೆ ಮಾಡಿದೆ. ಗುಬ್ಬಿಗಳು ಬಂದವು. ಮನಸ್ಸು ಮೊದಲಿಗಿಂತ ಬೇಗ ನಿಂತಿತು.

ಎಮ್ಮೆ ಹಾಲು ಕೊಟ್ಟಿತು.

ಫೆಬ್ರವರಿ 3, ಸೋಮವಾರ

ಬರೆಯಲಾಗಿರಲಿಲ್ಲ. ಕಡಲೆ ಕೀಳುವ ಕೆಲಸ. ಶೈಲಾಳೂ ಹೊಲಕ್ಕೆ ಬರುತ್ತಾಳೆ, ಬಂದು ಮಶೀನಿನ ಮುಂದೆ ಕೂರುತ್ತಾಳೆ. ಬೇಕೆಂದೇ ಕೆಡಿಸುತ್ತಾಳೆ, ಮತ್ತೆ ಕಟ್ಟುತ್ತಾಳೆ. ನಮ್ಮೂರ ಭಜನಿ ಮೇಳದ ಹಾಡುಗಳನ್ನು ಅದರಲ್ಲಿ ತುಂಬಿಟ್ಟಿದ್ದಾಳೆ. ಮೊಬೈಲ್ ಒತ್ತಿದರೆ ಅಲ್ಲಿಂದ ಬರುತ್ತದೆ. ಯಜಮಾನರ ತಾಳವೂ ಅದರಲ್ಲಿದೆ. ಕದ್ದು ಕದ್ದು ಕೇಳುತ್ತಾರೆ. ನಾನು ನೋಡಿಲ್ಲ ಅಂದುಕೊಂಡಿದ್ದಾರೆ.

ಗುರುವಾರ ಮೇಡಂ ವಿಡಿಯೋದಲ್ಲಿ ನೋಡುತ್ತಾರಂತೆ.

ಫೆಬ್ರವರಿ 6, ಗುರುವಾರ

ಏನು ಬರೆಯಲಿ.

ಶೈಲಾ ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ಮುಂದೆ. ಮೇಡಂ ಫೋನಿನಲ್ಲಿ. ಚೆನ್ನಾಗಿಯೇ ನಡೆದಿತ್ತು. ನಾನು ಹಿತ್ತಲಿಗೆ ಹೋದೆ, ಕಡಲೆ ಒಣಹಾಕಲು. ಅಷ್ಟರಲ್ಲಿ ನೆರೆಮನೆಯ ಹನಮವ್ವ ಬಂದಿದ್ದಾಳೆ, ಕೈಯಲ್ಲಿ ರೇಷನ್ ಕಾರ್ಡ್. ನೇರ ದೇವರ ಕೋಣೆಗೆ. ಚಪ್ಪಲಿ ಬಿಟ್ಟು, ಕೈ ಮುಗಿದು, ಹಸಿರು ದೀಪದ ಗುಂಡಿಯ ಮೇಲೆ ಹೆಬ್ಬೆಟ್ಟು ಒತ್ತಿದ್ದಾಳೆ.

ಮಶೀನು ಆರಿತು. ಅದರೊಳಗಿನ ಎಲ್ಲ ಒಲೆಗಳೂ ಆರಿದವು.

ಓಡಿ ಬಂದೆ. "ಏನ ಮಾಡಿದೆಲೇ ಹನಮವ್ವಾ!"

"ನಾ ಏನ ಮಾಡ್ಲಿ ಗುರವ್ವಕ್ಕ? ರೇಷನ್ ಅಂಗಡ್ಯಾಗ ಸರ್ವರ್ ಇಲ್ಲ, ಸರ್ವರ್ ಇಲ್ಲ ಅಂತ ವಾರದಿಂದ ತಿರಿಗ್ಯಾಡಸಾಕ್ಹತ್ಯಾರ. ನಿಮ್ಮನ್ಯಾಗ ಬಂದು ಕುಂತೈತಿ ಅಂದ್ರು. ಅದಕ್ಕ ಬಂದೆ."

"ಇದು ಬ್ಯಾರೆ ಸರ್ವರ್ ಅವ್ವಾ."

"ಬ್ಯಾರೆ ಅಂದ್ರ? ಅಕ್ಕಿ ಕೊಡೂದಿಲ್ಲೇನು?" ಕಾರ್ಡ್ ಸೆರಗಿಗೆ ಕಟ್ಟಿಕೊಂಡಳು. "ಚಲೋ ಆತು. ಅಲ್ಲೆ ಒತ್ತಿದ್ರ ಬರೂದಿಲ್ಲ. ಇಲ್ಲೆ ಒತ್ತಿದ್ರ ಹೋಗೇ ಬಿಡತೈತಿ."

ಫೋನಿನಲ್ಲಿ ಮೇಡಂ ಎಲ್ಲ ಕೇಳಿಸಿಕೊಂಡಿದ್ದರು. ಮೊದಲು ನಕ್ಕರು. ಆಮೇಲೆ ನಗು ನಿಲ್ಲಿಸಿದರು. "ಖರೇ ಕೆಲಸದಾಗೂ ಹಿಂಗ ಬೀಳತೈತಿ ಶೈಲಾ. ಒಂದು ಬಿದ್ರ ಇನ್ನೊಂದು ಎತ್ತಿಕೊಳ್ಳಬೇಕು. ಅದನ್ನ ಮಾಡಿ ತೋರಸ್ತಿಯೇನು?"

"ನನ್ನ ಹಂತ್ಯಾಕ ಒಂದ ಸರ್ವರ್ ಐತ್ರಿ ಮೇಡಂ."

ಹದಿನೇಳನೇ ತಾರೀಖಿನವರೆಗೆ ಕಾಯುತ್ತಾರಂತೆ. ಆಮೇಲೆ ಬೇರೆಯವರನ್ನು ತೆಗೆದುಕೊಳ್ಳುತ್ತಾರೆ.

ಶೈಲಾ ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು.

ಫೆಬ್ರವರಿ 7, ಶುಕ್ರವಾರ

ಊಟಕ್ಕೆ ಕೂತಾಗ ಯಜಮಾನರು ತಾವಾಗಿ ಬಾಯಿ ಬಿಟ್ಟರು.

"ಯವ್ವಾ ಶೈಲಾ, ಏನಂದ್ರು ಆ ಮೇಡಂ? ಒಂದು ಬಿದ್ರ ಇನ್ನೊಂದು ಎಳೀಬೇಕು ಅಂದ್ರಾ?"

"ಹೌದ್ರಿ ಮಾವಾರ."

"ಮತ್ತ ಒಂಟಿ ಎತ್ತು ಕಟ್ಟಿಕೊಂಡು ಬಿತ್ತಾಕ ಹೊಂಟೀರಲ್ಲ, ಬುದ್ಧಿ ಐತೇನು ಅತ್ತಿ-ಸೊಸಿಗೆ? ಜೋಡಿ ತರ್ರಿ." ನನ್ನ ಕಡೆ ತಿರುಗಿದರು. "ನಿನ್ನ ಹೈನದ್ದು ಇರಲಿ. ಈ ಸಲ ನಾ ಕೊಡ್ತೀನಿ."

ರೊಟ್ಟಿ ಬಡಿಯುವ ಕೈ ನಿಂತಿತು ನನ್ನದು. ಹಂಚಿನ ಮೇಲಿನದು ಸೀದಿತು. ಅದನ್ನೂ ತಿಂದರು.

ಫೆಬ್ರವರಿ 10, ಸೋಮವಾರ

ಎರಡನೆಯದು ಬಂತು. ಈ ಸಲ ಗೋಡೌನಿಗೆ ಯಜಮಾನರೂ ಬಂದಿದ್ದರು. ನಾನು ಕೇಳುವ ಮೊದಲೇ ಯುನೂಸ್ ಹಚ್ಚಿ ತೋರಿಸಿದ. "ಅವ್ವಾರ ಅಂಜಿಕಿ" ಎಂದ.

ಎರಡು ಮಶೀನುಗಳ ನಡುವೆ ಮಾತು ಕಡಿದರೆ ಯಾರು ಬದುಕಿದ್ದಾರೆ ಎಂದು ಹೇಳಲು ಮೂರನೆಯವರು ಬೇಕಂತೆ. ಇಲ್ಲದಿದ್ದರೆ ಇಬ್ಬರೂ ನಾನೇ ಹಿರಿಯ ಅನ್ನುತ್ತಾರೆ. ಶೈಲಾ ಪ್ರಭುವಿನ ಹಳೆಯ ಲ್ಯಾಪ್‌ಟಾಪನ್ನು ಪಂಚನಾಗಿ ಕೂರಿಸಿದ್ದಾಳೆ. ಪರದೆ ಒಡೆದಿದೆ. ಇರಲಿ, ಪಂಚರಿಗೆ ಮುಖ ಯಾಕೆ.

ಫೆಬ್ರವರಿ 14, ಶುಕ್ರವಾರ

ಆಗುತ್ತಿಲ್ಲ. ಒಂದನ್ನು ಆರಿಸಿದರೆ ಇನ್ನೊಂದು ಸುಮ್ಮನೆ ನೋಡುತ್ತದೆ.

"ನಾಳಿ ನೀ ಹೊಲಕ್ಕ ಬರಬ್ಯಾಡ" ಎಂದೆ ಶೈಲಾಳಿಗೆ. "ಕಡಲಿ ನಾ ನೋಡ್ಕೋತೀನಿ. ನೀ ಅದನ್ನ ನೋಡು."

ಫೆಬ್ರವರಿ 17, ಸೋಮವಾರ, ಮಧ್ಯಾಹ್ನ

ಪಂಚನ ಮಾತು ಎರಡನೆಯದಕ್ಕೆ ಮುಟ್ಟುತ್ತಿರಲಿಲ್ಲವಂತೆ, ನಿನ್ನೆ ರಾತ್ರಿ ಶೈಲಾ ಸರಿ ಮಾಡಿದಳು.

ಇವತ್ತು ಎಡಗಡೆಯ ಮಶೀನಿನಿಂದ ಭಜನಿ ಹಾಡು ಹಚ್ಚಿದಳು. ಫೋನಿನೊಳಗೆ ಮೇಡಂ. ಶೈಲಾ ಲ್ಯಾಪ್‌ಟಾಪ್ ಬಿಟ್ಟು ಏಳುವಂತಿಲ್ಲ. "ಅತ್ತೀ, ಎಡಗಡೇದರ ವೈರ್ ನೀವ ಕೀಳ್ರಿ."

ದೇವರ ಕೋಣೆಯ ಬಾಗಿಲಲ್ಲಿ ಹನಮವ್ವ, ಕೈ ಎರಡೂ ಬೆನ್ನ ಹಿಂದೆ ಕಟ್ಟಿಕೊಂಡು. "ನಾ ಏನೂ ಮುಟ್ಟೂದಿಲ್ಲವ್ವಾ ಈ ಸಲ."

ಶಿವನನ್ನು ನೆನೆದು ಕಿತ್ತೆ. ಅರ್ಧ ಸಪ್ಪಳ ನಿಂತಿತು. ಹಾಡೂ ನಿಂತಿತು.

ಯಜಮಾನರು ಎದ್ದು ನಿಂತರು. ಶೈಲಾ ಪರದೆ ನೋಡುತ್ತಿದ್ದಳು, ತುಟಿ ಕಚ್ಚಿ. ಕೊರಳಿನ ಲಿಂಗದ ಕರಡಿಗೆ ಹಿಡಿದುಕೊಂಡೆ.

ಆಮೇಲೆ — ತಾಳ. ಮೊದಲು ತಾಳ ಬಂತು, ಹಿಂದೆಯೇ ಹಾಡು.

"ಎಳೀತಲೇ!" ಯಜಮಾನರು ಕೂಗಿದ್ದಕ್ಕೆ ಎಮ್ಮೆ ಬೆದರಿತು.

ಮೇಡಂ ಏನೋ ಇಂಗ್ಲಿಷಿನಲ್ಲಿ ಹೇಳಿದರು. ನೋಡೋಣ, ತಿಳಿಸುತ್ತೇವೆ ಎಂಬ ಹಾಗೆ. ನಾನು ಫೋನಿನ ಮುಂದೆ ಹೋಗಿ ನಿಂತೆ. "ಮೇಡಮ್ಮಾರ, ನೀವು ಕೇಳಿದ್ದು ಮಾಡ್ಯಾಳ. ಹುಡುಗಿಗೆ ಕೆಲಸ ಐತೋ ಇಲ್ಲೋ, ಈಗ ಹೇಳ್ರಿ." ಶೈಲಾ ಸೆರಗು ಜಗ್ಗಿದಳು. ಸರಿಯಲಿಲ್ಲ ನಾನು.

ಮೇಡಂ ನಕ್ಕುಬಿಟ್ಟರು. "ಒಂದನೇ ತಾರೀಖಿಗೆ ಕಳಸ್ರಿ ಅವ್ವಾರ" ಎಂದರು.

ಶೈಲಾ ಈಗ ಅಳುತ್ತಿದ್ದಾಳೆ. ಅಳಲಿ. ಹನಮವ್ವ ಸಕ್ಕರೆ ಡಬ್ಬಿ ಹುಡುಕುತ್ತಿದ್ದಾಳೆ. ನಾನು ಹಿತ್ತಲ ಕಟ್ಟೆಯ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ತೊಡೆಯ ಮೇಲೆ ಏನೋ ಭಾರ ಅಂತ ನೋಡಿದರೆ ಕಿತ್ತ ವೈರು, ಇನ್ನೂ ನನ್ನ ಹತ್ತಿರವೇ ಇದೆ. ಒಂದೇ ಎತ್ತು ಎಳೆಯುತ್ತಿದೆ ಇಷ್ಟು ಹೊತ್ತಿನಿಂದ. ಮೊದಲು ಹೋಗಿ ಅದನ್ನು ಸಿಕ್ಕಿಸಿ ಬರುತ್ತೇನೆ.