ನಾರ್ಮಲ್ ಮೇಡಂ

ಮಾರ್ಚ್ 3, ಬೆಳಗ್ಗೆ

ಇಲಿಮನೆಗೆ ಹೋಗಿ ಬಂದೆ. ಕಪ್ಪು ಇಲಿಯ ಚರ್ಮ ಕಸಿ ಮಾಡಿಸಿಕೊಂಡ ಬಿಳಿ ಇಲಿ ಇನ್ನೂ ತೇಪೆ ಉದುರಿಸಿಲ್ಲ. ತಿಂದು ಮಲಗಿದೆ. ಬೇರೆಯವರ ಅಂಗವನ್ನು ದೇಹ ಒಪ್ಪುವಂತೆ ಮಾಡುವುದು ಹೇಗೆ ಎಂದು ಜೀವಮಾನವೆಲ್ಲ ತಲೆ ಕೆಡಿಸಿಕೊಂಡವಳಿಗೆ ಇಷ್ಟು ಸಾಕು, ದಿನವಿಡೀ ಖುಷಿ.

ಆಮೇಲೆ ತೋಳು ಚಾಚಿ ಕೂತೆ. ರೋಗಿಗಳ ರಕ್ತದ ಪಕ್ಕದಲ್ಲಿಟ್ಟು ಹೋಲಿಸಲು ಆರೋಗ್ಯವಂತರ ರಕ್ತ ಬೇಕಲ್ಲ, ನಮ್ಮ ಲ್ಯಾಬಿನಲ್ಲಿ ಅದು ಶುರುವಿನಿಂದಲೂ ನನ್ನದೇ. ಹುಡುಗಿಯರು ಬೆನ್ನ ಹಿಂದೆ "ನಾರ್ಮಲ್ ಮೇಡಂ" ಅನ್ನುತ್ತಾರೆ. ಕೇಳಿಸುತ್ತದೆ. ಬೇಜಾರಿಲ್ಲ — ಮನೆಯಲ್ಲಂತೂ ಯಾರೂ ಹಾಗೆ ಕರೆದಿಲ್ಲ.

ಮಾರ್ಚ್ 5

ತಂಗಿಯ ಎರಡೂ ಕಿಡ್ನಿ ಕೈಕೊಟ್ಟು ವರ್ಷವಾಯಿತು. ಇವತ್ತು ಡಯಾಲಿಸಿಸ್ ಹಾಸಿಗೆಯ ಪಕ್ಕ ಕೂತು ಹೇಳಿಯೇಬಿಟ್ಟೆ, ನನ್ನದೊಂದು ಕೊಡುತ್ತೇನೆ ಎಂದು.

"ಬೇಡಮ್ಮ. ನಿನ್ನ ಕಿಡ್ನಿ ಒಳಗೆ ಕೂತ್ಕೊಂಡು ನಂಗೆ ಬುದ್ಧಿ ಹೇಳುತ್ತೆ."

"ಹೇಳಿದ್ರೆ ಕೇಳು."

"ಅಲ್ಲಕ್ಕ, ಚಿಕ್ಕೋಳಿದ್ದಾಗಿಂದ ನಿನ್ನ ಹಳೇದೇ ನಂಗೆ. ಫ್ರಾಕು, ಚಪ್ಪಲಿ, ಪುಸ್ತಕ... ಈಗ ಇದೂ ನಾ?"

ಆದರೂ ನನ್ನ ಕೈ ಬಿಡಲಿಲ್ಲ. ಅವಳ ಕೈ ತಣ್ಣಗಿತ್ತು. ಹೃದಯವೂ ಸೋಲುತ್ತಿದೆ, ಈ ಮೆಷಿನ್ ನಂಬಿಕೊಂಡು ಬಹಳ ದಿನ ದೂಡಲಾಗದು. ಇಬ್ಬರಿಗೂ ಗೊತ್ತು. ಗೊತ್ತಿದ್ದೇ ಜಗಳವಾಡುತ್ತೇವೆ. ಭಯವಾಗುತ್ತಿದೆ.

ಮಾರ್ಚ್ 9

ತಂಗಿ ಗೊಣಗುತ್ತಲೇ ಒಪ್ಪಿದಳು. ಇವತ್ತು ದಾನಿಯ ಸಂದರ್ಶನ. ನಾನೇ ಕಟ್ಟಿದ ಕಿಡ್ನಿ ಕಸಿ ವಿಭಾಗ, ನಾನೇ ಬರೆದ ಪ್ರಶ್ನೆಗಳು, ಕೇಳುವವನು ನನ್ನ ಜೂನಿಯರ್. ಬೆವರುತ್ತಿದ್ದ.

"ಮೇಡಂ, ನಿಮ್ಮ ಮೇಲೆ ಯಾರಾದ್ರೂ ಒತ್ತಡ ಹಾಕ್ತಿದ್ದಾರಾ?"

"ಹಾಕ್ತಿದ್ಲು. ಕೊಡಬೇಡ ಅಂತ."

ಇದಕ್ಕೆ ಏನು ಬರೆದುಕೊಳ್ಳಬೇಕು ಎಂದು ನನ್ನನ್ನೇ ಕೇಳಿದ. ದಾನಿ ಬಾಯಿ ಹಾಕಬಾರದು ಎಂದು ನಿಯಮ ಮಾಡಿದವಳೂ ನಾನೇ. ನಾಳೆ ಸ್ಕ್ಯಾನ್.

ಮಾರ್ಚ್ 10

ಸ್ಕ್ಯಾನ್ ಮಾಡುವವಳು ಎಡಗಡೆ ನೋಡಿದಳು. ಬಲಗಡೆ ನೋಡಿದಳು. ಮತ್ತೆ ಎಡಗಡೆ. ಇನ್ನಷ್ಟು ಜೆಲ್ ಸುರಿದಳು. "ಸ್ವಲ್ಪ ಈ ಕಡೆ ತಿರುಗಿ ಮೇಡಂ... ಈಗ ಆ ಕಡೆ." ತಾಳ್ಮೆ ಕೆಟ್ಟು ನಾನೇ ಪರದೆಯತ್ತ ಕತ್ತು ಚಾಚಿದೆ.

ಒಂದೇ ಇದೆ.

ಹುಟ್ಟಿದಾಗಿನಿಂದ ಒಂದೇ! ಅದೇ ದಷ್ಟಪುಷ್ಟವಾಗಿ ಬೆಳೆದು ಎರಡರ ಕೆಲಸ ಮಾಡಿಕೊಂಡು ಬಂದಿದೆ, ರಕ್ತದಲ್ಲಿ ಒಂದು ಸುಳಿವೂ ಕೊಡದೆ. ಊರವರ ಕಿಡ್ನಿಯನ್ನೆಲ್ಲ ಎಣಿಸಿದವಳು ನನ್ನದನ್ನು ಎಣಿಸಿರಲಿಲ್ಲ. ಪ್ರಕಟವಾದ ಅಷ್ಟೂ ಪ್ರಬಂಧಗಳಲ್ಲಿ "ಆರೋಗ್ಯವಂತ ವ್ಯಕ್ತಿ" ನಾನೇ. ಇನ್ನು ಒಂದೊಂದಕ್ಕೂ ಅಡಿಟಿಪ್ಪಣಿ ಹಾಕಬೇಕು. ನಗು ಬಂತು. ಮೆಟ್ಟಿಲಿಳಿಯುವಷ್ಟರಲ್ಲಿ ನಿಂತಿತು. ತಂಗಿಗೆ ಏನು ಹೇಳಲಿ?

ಮಾರ್ಚ್ 12

ಹೇಳಿದೆ. ಅವಳು ನಕ್ಕ ರಭಸಕ್ಕೆ ನರ್ಸ್ ಓಡಿಬಂದರು.

"ಅಂದ್ರೆ ಇಷ್ಟು ವರ್ಷ ನನ್ಹತ್ರ ಎರಡು, ನಿನ್ಹತ್ರ ಒಂದೇ! ಅಮ್ಮ ಇರ್ಬೇಕಿತ್ತು, ಕೇಳೋಕೆ."

"ಎರಡಿದ್ದು ಏನ್ ಉಳಿಸ್ಕೊಂಡೆ?"

ನಕ್ಕೆವು. ಆಮೇಲೆ ಅತ್ತೆವು. ನಮಗೆ ಬೇರೆ ಒಡಹುಟ್ಟಿದವರಿಲ್ಲ. ಅವಳಿಗೆ ಗಂಡ ಮಕ್ಕಳಿಲ್ಲ. ಕಿಡ್ನಿಗಾಗಿ ಕಾಯುವವರ ಸಾಲು ಎಷ್ಟುದ್ದ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಅದೇ ದಿನ, ಸಂಜೆ

ಮೇಷ್ಟ್ರು — ನನ್ನ ಗಂಡ, ಶಾಲೆಯಲ್ಲಿ ಗಣಿತ ಕಲಿಸುತ್ತಾರೆ — ಪೇಪರಿನ ಹಿಂದಿನಿಂದಲೇ ಅಂದರು, "ನಂದು ಎರಡಿರಬಹುದು. ಎಣಿಸಿ ನೋಡು."

ಸೂಜಿ ಕಂಡರೆ ಕಣ್ಣು ಕತ್ತಲೆ ಬರುವ ಮನುಷ್ಯ. ತಂಗಿಯ ಜತೆ ಇಸ್ಪೀಟಿಗೆ ಕೂತರೆ, ಮೋಸ ಮಾಡಿದಳು ಎಂದು ಎಲೆ ಬಿಸಾಕಿ ಏಳುವ ಮನುಷ್ಯ.

"ತಮಾಷೆನಾ?"

"ಇಲ್ಲ ಕಣೇ. ಅವಳಿಲ್ದೆ ಇನ್ಯಾರ ಹತ್ರ ಜಗಳ ಆಡ್ಲಿ? ನೀನು ಯಾವಾಗ್ಲೂ ಇಲಿಮನೇಲಿರ್ತೀಯ."

ಕಾಫಿ ಮಾಡಿಕೊಟ್ಟೆ.

ಏಪ್ರಿಲ್ 20

ಬರೆಯಲು ಪುರುಸೊತ್ತಿರಲಿಲ್ಲ. ಮೇಷ್ಟ್ರಿಗೆ ಪರೀಕ್ಷೆಯ ಮೇಲೆ ಪರೀಕ್ಷೆ. ಮೊದಲ ಸೂಜಿಗೇ ದೊಪ್ಪನೆ ಬಿದ್ದರು. ಎದ್ದು ಕೂತು "ಮುಂದಿನದು" ಅಂದರು. ರಕ್ತ ಹೊಂದಿತು. ಅಂಗದಾನಕ್ಕೆ ಅನುಮತಿ ಕೊಡುವ ಸಮಿತಿಯೂ ಒಪ್ಪಿತು. ಕಿಡ್ನಿ ಎರಡಿವೆ — ಈ ಸಲ ಕಂಡಕಂಡವರ ಕೈಲೆಲ್ಲ ಎಣಿಕೆ ಮಾಡಿಸಿದೆ. ತಂಗಿಯದು ಒಂದೇ ಷರತ್ತು: "ಭಾವ, ಇದಾದ್ಮೇಲೆ ಆಟದಲ್ಲಿ ರಿಯಾಯಿತಿ ಕೇಳ್ಬಾರ್ದು ನೀವು."

ಮೇ 6, ಬೆಳಗ್ಗೆ

ಇಬ್ಬರನ್ನೂ ಒಳಗೆ ಕರೆದೊಯ್ದರು. ಮನೆಯವರು ಥಿಯೇಟರಿನೊಳಗೆ ಬರಬಾರದು — ಇದೂ ನನ್ನದೇ ನಿಯಮ. ಹೊರಗಿನ ಬೆಂಚಿನ ಮೇಲೆ ಕೂತಿದ್ದೇನೆ. ಇಷ್ಟು ಗಟ್ಟಿ ಇದೆ ಎಂದು ಗೊತ್ತಿರಲಿಲ್ಲ. ಇನ್ನೆಷ್ಟು ಹೊತ್ತು ಎಂದು ಕೇಳಿ ಕೇಳಿ ನರ್ಸ್ ಕೈಲಿ ಬೈಸಿಕೊಂಡೆ.

ಮಧ್ಯಾಹ್ನ

ಮೇಷ್ಟ್ರು ಹೊರಬಂದರು. ಕ್ಷೇಮ. ಮಂಪರಿನಲ್ಲೇ ಮಗ್ಗಿ ಹೇಳುತ್ತಿದ್ದಾರೆ, ಅದೂ ತಪ್ಪುತಪ್ಪು. ತಂಗಿ ಇನ್ನೂ ಒಳಗೇ. ಯಾಕಿಷ್ಟು ತಡ? ಏನಾದರೂ—

ಸ್ವಲ್ಪ ಹೊತ್ತಿನ ಮೇಲೆ

ಜೂನಿಯರ್ ಬಾಗಿಲು ತೆರೆದು ಮಾಸ್ಕ್ ಇಳಿಸಿದ. "ಮೇಡಂ... ಬಂತು!"

ಮೂತ್ರ. ಹೊಸ ಕಿಡ್ನಿ ಟೇಬಲ್ ಮೇಲೇ ಕೆಲಸ ಶುರುಮಾಡಿದೆ, ಬೇಕಾದಷ್ಟು ಬರುತ್ತಿದೆಯಂತೆ. ಈ ಸುದ್ದಿಯನ್ನು ಇದೇ ಬೆಂಚಿನವರಿಗೆ ನಾನೇ ಎಷ್ಟು ಸಲ ಹೇಳಿದ್ದೇನೆ, ಗಡಿಯಾರ ನೋಡುತ್ತಾ. ಮೂತ್ರ ಬಂತು ಎಂದರೆ ಸಾಕು, ಎಂತೆಂಥ ಗಂಭೀರಸ್ಥರೂ ನನ್ನ ಕೈ ಹಿಡಿದುಕೊಂಡು ಅಳುತ್ತಿದ್ದರು, ಬಿಡುತ್ತಲೇ ಇರಲಿಲ್ಲ. ಇವರಿಗೇನಾಗಿದೆ ಅನ್ನಿಸುತ್ತಿತ್ತು.

"ಮೇಡಂ, ಕೈ ಬಿಡಿ, ಹೊಲಿಗೆ ಬಾಕಿ ಇದೆ" ಎಂದು ಪಾಪ, ಕೈ ಬಿಡಿಸಿಕೊಂಡು ಹೋದ. ಈಗ ಬರೆಯೋಣವೆಂದರೆ ಅಕ್ಷರವೇ ಕಾಣಿಸು—