ರಫ್ ನೋಟ್‌ಬುಕ್‌ನ ನಲವತ್ತೊಂದನೇ ಪುಟ

ರಾಣೇಬೆನ್ನೂರು
30 ಫೆಬ್ರವರಿ 2187

ತೇಜಸ್ವಿನಿ ಅಜ್ಜಿಗೆ ನಮಸ್ಕಾರಗಳು.

ತಾರೀಕು ನೋಡಿ ಗಾಬರಿಯಾಗಬೇಡಿ, ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ ಕೊಟ್ಟಿದ್ದಾರೆ. ಹತ್ತನೇ ತರಗತಿಯ ಹುಡುಗಿಯನ್ನು ಅಜ್ಜಿ ಎನ್ನುತ್ತಿರುವುದಕ್ಕೂ, ನಡುವೆ ಬರುವ ಹೊಸ ಮಾತುಗಳಿಗೂ ಕ್ಷಮೆಯಿರಲಿ. ನಾನು ನಿಮ್ಮ ಆರನೇ ತಲೆಮಾರಿನವಳು. ನನಗೂ ಹದಿನೈದೇ ವಯಸ್ಸು.

ನಮ್ಮಲ್ಲಿ ಪ್ರೋಗ್ರಾಂ ಬರೆಯುವುದು ಯಂತ್ರಗಳ ಕೆಲಸ, ಅದರಲ್ಲಿ ತಪ್ಪು ಹುಡುಕುವುದು ಹೈಸ್ಕೂಲು ಮಕ್ಕಳ ಕೆಲಸ. ಇದಕ್ಕೆ ಮುರಿಪಂದ್ಯ ಎನ್ನುತ್ತೇವೆ. ಯಂತ್ರ ತನ್ನ ವಿಧಾನ ಹೇಳುತ್ತದೆ. ಅದು ಸೋಲುವಂಥ ಒಂದು ಉದಾಹರಣೆಯನ್ನು ನಾವು ಸೀಮೆಸುಣ್ಣದಲ್ಲಿ ಬರೆದು ತೋರಿಸಬೇಕು. ಅರ್ಧ ಗಂಟೆಯೊಳಗೆ ಯಾರೂ ತೋರಿಸದಿದ್ದರೆ ಆ ವಿಧಾನವೇ ಊರಿಗೆ ಹತ್ತು ವರ್ಷದ ಕಾನೂನು. ಪಂದ್ಯದ ದಿನ ಜನ ಅಂಗಡಿ ಮುಚ್ಚಿ ಬರುತ್ತಾರೆ, ಮಂಡಕ್ಕಿ ಮಿರ್ಚಿ ತಿನ್ನುತ್ತಾ ನಮಗಿಂತ ಜೋರಾಗಿ ಲೆಕ್ಕ ಹಾಕುತ್ತಾರೆ.

ಈ ಸಲದ ಪ್ರಶ್ನೆ ಊರಿಗಿರುವ ಒಂದೇ ಸಭಾಂಗಣದ್ದು. ಒಂದೇ ದಿನದಲ್ಲಿ ಹೆಚ್ಚು ಕಾರ್ಯಕ್ರಮ ಹಿಡಿಸಬೇಕಾದರೆ ಕಡಿಮೆ ಹೊತ್ತಿನದನ್ನೇ ಮೊದಲು ಆರಿಸಬೇಕು ಎಂದಿತು ಯಂತ್ರ. ಎಲ್ಲರೂ ತಲೆಯಾಡಿಸಿದರು. ನಾನೊಬ್ಬಳು ಆಡಿಸಲಿಲ್ಲ. ನಮ್ಮ ನಾಟಕದ ಅಭ್ಯಾಸ ಮೂರು ಗಂಟೆಯದು. ಈ ನಿಯಮ ಬಂದರೆ ಇನ್ನು ಹತ್ತು ವರ್ಷ ನಮಗೆ ಸಭಾಂಗಣವೇ ಇಲ್ಲ. ಆಗ ನೆನಪಾದದ್ದು, ಪ್ರೋಗ್ರಾಮಿಂಗ್ ಸ್ಪರ್ಧೆಗೆಂದು ನೀವು ಅಭ್ಯಾಸ ಮಾಡಿದ, ನಮ್ಮ ಮನೆಯಲ್ಲಿ ಈಗಲೂ ಇರುವ ರಫ್ ನೋಟ್‌ಬುಕ್. ನಲವತ್ತೊಂದನೇ ಪುಟದಲ್ಲಿ ಇದೇ ವಿಧಾನ ಬರೆದು, ಕಾಟು ಹಾಕಿ, ಕೆಳಗೆ ಸಿಟ್ಟಿನಿಂದ ಗೀಚಿದ್ದೀರಿ: “ಹದಿನೇಳನೇ ಸಲಾನೂ ತಪ್ಪು! ಒಂಬತ್ತರಿಂದ ಹನ್ನೆರಡು ಒಂದು, ಹನ್ನೆರಡರಿಂದ ಮೂರು ಇನ್ನೊಂದು. ನಡುವ ಹನ್ನೊಂದೂವರಿಯಿಂದ ಹನ್ನೆರಡೂವರಿ ಸಣ್ಣದೊಂದು. ಅದನ್ನ ತಗೊಂಡ್ರ ಎರಡೂ ಹೋದ್ವಲ್ಲೋ ಯಪ್ಪಾ!”

ಆ ಮೂರು ಹೊತ್ತುಗಳನ್ನು ಹಾಗೇ ಬೋರ್ಡಿನ ಮೇಲೆ ಬರೆದೆ. ಯಂತ್ರ ನಡುವಿನದನ್ನು ಆರಿಸಿ, ಎರಡು ಹಿಡಿಸುವ ಕಡೆ ಒಂದನ್ನೇ ಹಿಡಿಸಿ, ಸೋಲೊಪ್ಪಿತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹೆಮ್ಮೆ ತಡೆಯಲಾಗದೆ “ಇದು ನಮ್ಮ ಅಜ್ಜೀದು!” ಎಂದು ಕೂಗಿಬಿಟ್ಟೆ.

ಈಗ ನನ್ನ ವಿನಂತಿ. ಆ ಪುಟ ಬರೆದ ಸಂಜೆ ನೀವು ಸ್ಪರ್ಧೆಯೇ ಬೇಡವೆಂದು ಈ ನೋಟ್‌ಬುಕ್ಕನ್ನು ರದ್ದಿಗೆ ಹಾಕಲು ಹೊರಟಿದ್ದಿರೆಂದು ಮನೆಯಲ್ಲಿ ಇಂದಿಗೂ ಹೇಳುತ್ತಾರೆ. ಹಾಕಬೇಡಿ. ಟೀಚರು ಮೆಚ್ಚಿದ ನಿಮ್ಮ ಫೇರ್ ನೋಟ್‌ಬುಕ್ ಎಲ್ಲಿ ಹೋಯಿತೋ ಯಾರಿಗೂ ಗೊತ್ತಿಲ್ಲ. ನಮ್ಮವರೆಗೆ ಬಂದದ್ದು ಈ ಚಿತ್ತುಕಾಟುಗಳೇ. ಸರಿಯಾದ ವಿಧಾನ ಯಾವುದೆಂದು ಮಾತ್ರ ನಾನು ಹೇಳುವುದಿಲ್ಲ. ಅದು ನಲವತ್ತೆರಡನೇ ಪುಟದಲ್ಲಿದೆ, ನಿಮ್ಮದೇ ಅಕ್ಷರದಲ್ಲಿ.

ನಿಮ್ಮೆದುರು ಆ ಪುಟ ಇನ್ನೂ ಖಾಲಿ ಇರಬೇಕು. ಪೆನ್ನು ತೆಗೆದುಕೊಳ್ಳಿ.

ನಿಮ್ಮ
ನೇಸರಾ ಹೂಗಾರ