ಎಡಗಡೆಯ ಕೆಮ್ಮು

ಮಾರ್ಕೆಟ್ ಯಾರ್ಡ್, ಪುಣೆ
೧೨ ಜನವರಿ ೨೦೨೫

ರುದ್ರವ್ವ,

ನಿನ್ನ ಹೆಸರಿನ ಹಿಂದೆ ಸೌ. ಅಂತ ಬರೆಯಬೇಕೋ ಬೇಡವೋ ತಿಳಿಯದೆ ಬಿಟ್ಟಿದ್ದೇನೆ. ನನ್ನ ಗಂಡನ ಜೊತೆ ಇಪ್ಪತ್ತೆರಡು ವರ್ಷದಿಂದ ಸಂಸಾರ ಮಾಡುತ್ತಿರುವವಳಿಗೆ ಏನು ಬರೆಯಬೇಕೆಂದು ಎರಡನೇ ಇಯತ್ತೆಯ ತನಕ ಕಲಿಸಿರಲಿಲ್ಲ. ಮುಂದೆ ಕಲಿಸುತ್ತಿದ್ದರೋ ಏನೋ, ನಾನು ಸಾಲೆ ಬಿಟ್ಟೆ. ಫೋನ್ ಮಾಡಿದರೆ ಬೈದು ಇಟ್ಟುಬಿಡುತ್ತೇನೆ, ಅದಕ್ಕೇ ಕಾಗದ.

ನಾನು ಆರಾಮ ಇದ್ದೇನೆ. ಖಾನಾವಳಿ ಚಲೋ ನಡೆದಿದೆ. ಹಮಾಲರಿಗೆ ದಿನಾ ರೊಟ್ಟಿ ಬಡಿದೂ ರಟ್ಟೆ ಗಟ್ಟಿ ಇವೆ.

ವಿಷಯ ಏನೆಂದರೆ, ನನ್ನಲ್ಲಿ ಊಟಕ್ಕೆ ಬರುವ ಮಂಜರಿ ಅನ್ನುವ ಹುಡುಗಿ ಒಂದು ಸಣ್ಣ ಪಿಚ್ಚರ್ ತೆಗೆದಿದ್ದಾಳೆ. ಹಿಂದೆ ದೊಡ್ಡ ಕುಳ ಯಾರೂ ಇಲ್ಲ, ಗೆಳೆಯರೇ ಸೇರಿ ಮಾಡಿದ್ದು. ನಾಟಕ ಕಂಪನಿಯ ಇಬ್ಬರು ನಟಿಯರು, ಅಕ್ಕ ತಂಗಿ ಪಾರ್ಟು ಮಾಡುತ್ತ ಮಾಡುತ್ತ ಖರೇ ಅಕ್ಕ ತಂಗಿ ಆದವರು. ನಡುವೆ ಒಬ್ಬ ಗಂಡಸು. ಗುರುತು ಸಿಕ್ಕಿತಲ್ಲ? ಹೇಳಿದವಳು ನಾನೇ. ಹೆಸರು ಬದಲಿಸಿದ್ದಾರೆ. ನಿನಗೆ ಸಿಟ್ಟು ಬಂದರೆ ಬರಲಿ, ನನಗೂ ಬಂದಿತ್ತು.

ಮುದುಕಿಯಾದ ಅಕ್ಕನ ಪಾರ್ಟು ನನಗೇ ಕಟ್ಟಿದಳು. ಭೋರ್‌ನ ಹಳೇ ವಾಡೆಯೊಂದರಲ್ಲಿ ನಾಲ್ಕು ದಿನ ಶೂಟಿಂಗ್. ಮೊದಲ ದಿನವೇ ಜಗಳ. ಕಡೇ ಸಾಲಿಗೂ ಕೇಳಲಿ ಅಂತ ನಾನು ಗಂಟಲು ಎತ್ತಿದರೆ, ಅಜ್ಜಿ, ಮೈಕು ನಿಮ್ಮ ಸೆರಗಿನಾಗ ಅದರಿ, ಸಣ್ಣಗ ಅನ್ರಿ ಅಂದಳು. ಸೆರಗಿಗೆ ಹೇಳೂದಾದ್ರ ಬಣ್ಣ ಯಾಕ ಹಚ್ಚಿದ್ರಿ ಅಂತ ಕೇಳಿದೆ.

ಕಡೇ ದಿನ ದೊಡ್ಡ ಸೀನು. ಓಡಿಹೋದ ತಂಗಿ ಎಷ್ಟೋ ವರ್ಷದ ಮೇಲೆ ಅಕ್ಕನ ಬಾಗಿಲಿಗೆ ಬಂದು ನಿಲ್ಲುತ್ತಾಳೆ. ತಂಗಿಯಾದವಳು ಸುಲಭಾ ಅಂತ, ನಿನ್ನಷ್ಟು ಲಕ್ಷಣ ಇಲ್ಲ. ಬಂದಳು, ಅತ್ತಳು. ನಾನು ಒಂದೇ ಒಂದು ಮಾತು ಹೇಳಬೇಕು, ಅದನ್ನೇ ಮರೆತೆ. ರೂಢಿಯಂತೆ ಎಡಕ್ಕೆ ಕಿವಿ ಕೊಟ್ಟು ನಿಂತೆ. ಎಡಗಡೆ ಪರದೆಯ ಮರೆಗೆ ಪುಸ್ತಕ ಹಿಡಿದು ಕೂತು ನಮಗೆ ಮಾತು ಎತ್ತಿಕೊಡುತ್ತಿದ್ದವ ನಮ್ಮಿಬ್ಬರ ಶಿವಪ್ಪನೇ ಅಲ್ಲವೇ. ಮೊದಲು ಒಂದು ಕೆಮ್ಮು, ಆಮೇಲೆ ಮಾತು. ಆ ಕೆಮ್ಮಿನ ಮೇಲೆಯೇ ನಾನು ಹತ್ತೊಂಬತ್ತು ವರ್ಷ ಪಾರ್ಟು ಮಾಡಿದ್ದು.

ಪಿಚ್ಚರಿನಲ್ಲಿ ಯಾರು ಕೆಮ್ಮುತ್ತಾರೆ? ಕ್ಯಾಮೆರಾ ನಡೆದೇ ಇತ್ತು. ಸಾಕಾಗಿ ಒಳಗೆ ಹೋಗಿ ತಂಬಿಗೆಯಲ್ಲಿ ನೀರು ತಂದು ಆ ಸುಲಭಾಳ ಕೈಗೆ ಕೊಟ್ಟೆ. ಮನೆಗೆ ಬಂದವರಿಗೆ ಇನ್ನೇನು ಕೊಡುತ್ತಾರೆ. ತಪ್ಪಾತು, ಇನ್ನೊಮ್ಮೆ ಮಾಡೂಣು ಅಂದರೆ, ಬ್ಯಾಡ್ರಿ ಅಜ್ಜಿ, ಇದೇ ಇರ್ಲಿ ಅಂತ ಮಂಜರಿ ಕಣ್ಣೊರೆಸಿಕೊಂಡಳು. ಮೊನ್ನೆ ತೋರಿಸಿದಾಗ ಜನ ಅಲ್ಲಿಯೇ ಚಪ್ಪಾಳೆ ಹೊಡೆದರು. ಮಾತು ಮರೆತವಳಿಗೆ ಚಪ್ಪಾಳೆ ಬಿದ್ದದ್ದು ನನ್ನ ಜನ್ಮದಲ್ಲಿ ಮೊದಲ ಸಲ. ಎರಡು ದಿನ ನನ್ನಷ್ಟಕ್ಕೆ ನಾನೇ ನಗುತ್ತಿದ್ದೆ.

ಫೆಬ್ರುವರಿ ಎರಡು, ರವಿವಾರ ಮುಂಜಾನೆ ಹತ್ತಕ್ಕೆ ಇಲ್ಲೇ ಪುಣೆಯಲ್ಲಿ ಮತ್ತೆ ತೋರಿಸುತ್ತಾರೆ. ನೀನು ಬರಬೇಕು. ಬಾರದಿದ್ದರೆ ಇನ್ನೊಂದು ಕಾಗದ ಬರೆಯುವವಳಲ್ಲ ನಾನು. ಸೋಲಾಪುರದಿಂದ ಬರುವ ಬಸ್ಸು ಇಂದಾಪುರದಲ್ಲಿ ಚಹಾಕ್ಕೆ ನಿಲ್ಲುತ್ತದೆ. ಇಳಿದರೆ ಬಸ್ಸಿನ ಗುರುತು ಇಟ್ಟುಕೊಂಡು ಇಳಿ. ಬೇರೆಯವರದನ್ನು ಹತ್ತಿ ಕೂಡುವುದು ನಿನಗೆ ಮೊದಲಿನಿಂದ ರೂಢಿ. ಅವನನ್ನೂ ಕರೆದುಕೊಂಡು ಬಾ. ಅವನ ಮೇಲೆ ಸಿಟ್ಟಾಗಲು ಈಗ ನನಗೆ ಪುರಸೊತ್ತಿಲ್ಲ. ಪಿಚ್ಚರ್ ನಡೆದಾಗ ಮಾತ್ರ ಕೆಮ್ಮಬಾರದು ಅಂತ ಹೇಳು.

ಸಜ್ಜಿ ರೊಟ್ಟಿ ಮಾಡಿಟ್ಟಿರುತ್ತೇನೆ.

ನಿನ್ನ ಸ್ಟೇಜಿನ ಅಕ್ಕ,
ಅನುಸೂಯಾ

ತಾ.ಕ.: ಮಾತು ಮರೆತೆ ಅಂತ ಮೇಲೆ ಬರೆದದ್ದು ಸುಳ್ಳು. ‘ಬಾಗಿಲಿಗೆ ಅಗಳಿ ಹಾಕಿಲ್ಲ, ಒಳಗ ಬಾರವ್ವ ತಂಗಿ’ ಅನ್ನಬೇಕಿತ್ತು. ಬಾಯಿ ತುದಿಗೇ ಇತ್ತು. ಅದನ್ನು ಆ ಸುಲಭಾಗೆ ಹೇಳಿ ಖರ್ಚು ಮಾಡಲು ಮನಸ್ಸು ಬರಲಿಲ್ಲ.